ತುಳಸಿಗೇರಿಯ ನೂಲು

ಕೇಳುಗರೆ, ನಮಸ್ಕಾರ.

ತುಳಸಿಗೇರಿ ಅಂದರೆ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಹನುಮಪ್ಪ. ನನಗೆ ಅದರ ಜೊತೆಗೆ ಅಲ್ಲಿನ ಖಾದಿ ಕೇಂದ್ರದ ರಾಟಿಯ ಸದ್ದೂ ನೆನಪಾಗುತ್ತದೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಅಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಬಣ್ಣ ಹಾಕಿ, ಕತ್ತರಿಸಿ, ಹೊಲಿದು ಬಾವುಟ ಮಾಡುವುದು ಅಲ್ಲಿ.

ಒಮ್ಮೆ ನೂಲುವ ಅಕ್ಕನೊಬ್ಬರ ಪಕ್ಕ ಕೂತು ನೋಡಿದ್ದೆ. ಎಳೆ ಪಟ್ಟನೆ ಹರಿಯಿತು. ಅವರು ರಾಟಿ ನಿಲ್ಲಿಸಿದರು. ಎರಡೂ ತುದಿ ಹಿಡಿದು, ಬೆರಳಲ್ಲಿ ಹೊಸೆದು ಕೂಡಿಸಿದರು. ಗಂಟು ಹಾಕಿದರೆ ಮಗ್ಗದಲ್ಲಿ ತೊಡಕಾಗುತ್ತದೆ ಎಂದರು. ರಾಟಿ ಮತ್ತೆ ತಿರುಗಿತು. ಬಾವುಟದ ಅರ್ಥದ ಬಗ್ಗೆ ಜಗಳ ಎದ್ದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಬೆರಳುಗಳೇ.

ಜಗಳ ಇವತ್ತಿನದಲ್ಲ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ಬಾವುಟದ ಮಾದರಿ ಕೊಟ್ಟರು. ಆಗ ಕೆಂಪು ಹಿಂದೂಗಳದು, ಹಸಿರು ಮುಸ್ಲಿಮರದು, ಬಿಳಿ ಉಳಿದವರದು ಎಂಬ ಮಾತಿತ್ತು. ಹಾಗಾದರೆ ನಮ್ಮ ಬಣ್ಣ ಎಲ್ಲಿ ಎಂದು ಸಿಖ್ಖರು ಕೇಳಿದರು. ಕೇಳಬೇಕಾದ್ದೇ, ಅಲ್ವಾ? 1931ರಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ಬರೀ ಕೇಸರಿ ಸಾಕು ಎಂದಿತು. ಕಾಂಗ್ರೆಸ್ ಅದನ್ನು ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರು ಬಂದವು. ಈ ಬಣ್ಣಗಳಿಗೂ ಜಾತಿ ಧರ್ಮಕ್ಕೂ ಸಂಬಂಧವಿಲ್ಲ ಎಂದು ಆಗಲೇ ಸ್ಪಷ್ಟವಾಗಿ ಹೇಳಿದ್ದರು. ಇವತ್ತಿಗೂ ಬಣ್ಣ ಹಂಚಿಕೊಳ್ಳುವವರಿಗೆ ಇದು ಗೊತ್ತಿರಬೇಕು.

ಬಣ್ಣ ಬದಲಾದರೂ ನಡುವೆ ಚರಕ ಹಾಗೇ ಇತ್ತು. ಆ ಚರಕಕ್ಕೂ ನಮ್ಮ ಕಡೆಗೂ ನಂಟಿದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ನಡೆಯಿತು. ಸದಸ್ಯನಾಗಬೇಕಾದರೆ ತಿಂಗಳಿಗೆ 2000 ಗಜ ಕೈನೂಲು ಕೊಡಬೇಕು ಎಂಬ ನಿಯಮ ಮಾಡಿದ್ದು ಅಲ್ಲೇ. ಸುಮ್ನೆ ಚಂದಾ ಕೊಟ್ಟು ಹೋಗುವಂತಿಲ್ಲ, ನೂಲು ಬೇಕು!

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಚರಕ ಹೋಗಿ 24 ಅರಗಳ ಅಶೋಕ ಚಕ್ರ ಬಂತು. ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ತೀರಾ ಸರಳ. ಚರಕದ ಒಂದು ಕಡೆ ಚಕ್ರ, ಇನ್ನೊಂದು ಕಡೆ ನೂಲು ಸುತ್ತುವ ಕದಿರು. ಬಾವುಟದ ಹಿಂದಿನಿಂದ ನೋಡಿದರೆ ಎಲ್ಲ ತಿರುಗುಮುರುಗು ಕಾಣುತ್ತದೆ. ಗಾಂಧೀಜಿಗೆ ಇದು ಹಿಡಿಸಲಿಲ್ಲ. ಚರಕವಿಲ್ಲದ ಬಾವುಟಕ್ಕೆ ತಾನು ವಂದಿಸುವುದಿಲ್ಲ ಎಂದೇ ಹೇಳಿದರು. ಬೆಂಗೇರಿಯಲ್ಲಿ ಇವತ್ತಿಗೂ ಎರಡೂ ಮೈಯ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಅಚ್ಚು ಹಾಕುತ್ತಾರೆ. ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ.

ಚಿತ್ರದಿಂದ ಚರಕ ಹೋದರೂ ಬಟ್ಟೆಯಲ್ಲಿ ಉಳಿದಿತ್ತು. ಬಾವುಟ ಕೈನೂಲಿನ, ಕೈಮಗ್ಗದ ಖಾದಿಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ, ಅಂದರೆ ಬಾವುಟದ ನಿಯಮಗಳಿಗೆ, ತಿದ್ದುಪಡಿ ಬಂತು. ಪಾಲಿಯೆಸ್ಟರ್ ಆಗಬಹುದು, ಯಂತ್ರದ್ದೂ ಆಗಬಹುದು. ಹುಬ್ಬಳ್ಳಿಯ ಖಾದಿ ಸಂಘದವರು ಪ್ರತಿಭಟಿಸಿದರು.

ಕಡಿಮೆ ಬೆಲೆಗೆ ಸಿಕ್ಕರೆ ಬಡವರ ಮನೆ ಮೇಲೂ ಬಾವುಟ ಹಾರುತ್ತದೆ ಎನ್ನುತ್ತಾರೆ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2002ರ ತನಕ ನಮ್ಮಂಥವರು ವರ್ಷವಿಡೀ ಮನೆ ಮೇಲೆ ಬಾವುಟ ಹಾರಿಸುವಂತೆಯೇ ಇರಲಿಲ್ಲ. ಎಲ್ಲರ ಕೈಗೂ ಅದು ಬಂದದ್ದು ದೊಡ್ಡ ಸಂತೋಷ. ಆದರೆ ನೂಲುವ ಆ ಅಕ್ಕನೂ ಬಡವರೇ. ಬಾವುಟ ಕೊಳ್ಳುವ ಬಡವರನ್ನು ನೆನೆದವರು ಬಾವುಟ ನೂಲುವ ಬಡವರನ್ನು ಮರೆತರಲ್ಲ ಎಂಬುದೇ ನನ್ನ ನೋವು.

ಈ ಆಗಸ್ಟಿನಲ್ಲಿ ಎಲ್ಲಾದರೂ ಖಾದಿಯ ಬಾವುಟ ಸಿಕ್ಕರೆ ಬಟ್ಟೆಯ ಮೇಲೆ ಮೆಲ್ಲಗೆ ಬೆರಳಾಡಿಸಿ. ಎಳೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಲ್ಲಲ್ಲಿ ತುಸು ದಪ್ಪ ಸಿಗುತ್ತದೆ. ಹರಿದ ನೂಲನ್ನು ಯಾರೋ ಹೊಸೆದು ಕೂಡಿಸಿದ ಜಾಗ ಅದಿರಬಹುದು.

ನಮಸ್ಕಾರ.