ಮಾದಳದ ಹಣ್ಣಿನ ಸಿಪ್ಪೆ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಮಾದಳದ ಹಣ್ಣನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ತಂದು ನಾಲ್ಕು ದಿನಗಳಾದವು. ಉಪ್ಪಿನಕಾಯಿಗೆಂದೇ ತಂದದ್ದು ಎಂದು ಅಮ್ಮ ಭಾವಿಸಿದ್ದರು. ಆದರೆ ಅದನ್ನು ನೀರುಬಣ್ಣದಲ್ಲಿ ಬರೆಯುತ್ತ ಕುಳಿತಿದ್ದೇನೆ; ಅದು ಇನ್ನೂ ನನ್ನ ಮೇಜು ಬಿಟ್ಟು ಕದಲಿಲ್ಲ.

ಇದಕ್ಕೆ ಕಾರಣಳಾದವಳು ಇಟಲಿಯ ಜಿಯೊವಾನ್ನಾ ಗಾರ್ಜೋನಿ. 1600ರಲ್ಲಿ ಆಸ್ಕೊಲಿ ಪಿಚೆನೊದಲ್ಲಿ ಹುಟ್ಟಿ, ವೆನಿಸ್, ನೇಪಲ್ಸ್, ಟುರಿನ್ ನಗರಗಳಲ್ಲಿ ಕೆಲಸ ಮಾಡಿ, 1640ರ ದಶಕದಲ್ಲಿ ಫ್ಲಾರೆನ್ಸಿಗೆ ಬಂದು ಮೆದಿಚಿ ಅರಸು ಮನೆತನಕ್ಕಾಗಿ ಹಣ್ಣು, ಹೂ, ಕಾಯಿಗಳನ್ನು ಬರೆದ ಚಿತ್ರಗಾರ್ತಿ ಅವಳು. ಬಟ್ಟಲಿನ ತುಂಬ ಮಾದಳದ ಹಣ್ಣುಗಳನ್ನು ಎಲೆ, ಮೊಗ್ಗುಗಳ ಸಮೇತ ಇರಿಸಿ ಅವಳು ಬರೆದ ಒಂದು ಚಿತ್ರ ಈಗ ಲಾಸ್ ಏಂಜಲೀಸಿನ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದರ ಬಣ್ಣವನ್ನು ಟೆಂಪೆರಾ ಎಂದು ಗುರುತಿಸಿದ್ದಾರೆ; ಹೆಸರೇನಿದ್ದರೂ ನೀರಿನಲ್ಲಿ ಕಲಸಿದ ಬಣ್ಣವೇ ಅದು. ಮೆದಿಚಿಗಳಿಗೆ ನಿಂಬೆ ಜಾತಿಯ ಗಿಡಗಳೆಂದರೆ ಹುಚ್ಚು; ಫ್ಲಾರೆನ್ಸಿನ ಬಳಿಯ ತಮ್ಮ ಕಾಸ್ತೆಲ್ಲೊ ತೋಟದಲ್ಲಿ ಅವನ್ನು ದೊಡ್ಡ ಮಣ್ಣಿನ ಕುಂಡಗಳಲ್ಲಿ ಬೆಳೆಸಿ, ಚಳಿಗಾಲದಲ್ಲಿ ಸೂರಿನಡಿಗೆ ಸಾಗಿಸುತ್ತಿದ್ದರು. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗವೂ ಇದೇ ಹಣ್ಣು ಎಂಬುದು ನೆನಪಾದಾಗ, ಆ ದೂರದ ಬಟ್ಟಲು ನನಗೆ ಅಷ್ಟೇನೂ ಪರಕೀಯವೆನಿಸಲಿಲ್ಲ.

ನನ್ನ ಮೊದಲ ಪ್ರಯತ್ನವನ್ನು ನೋಡಿ. ದಪ್ಪ ಹತ್ತಿ ಕಾಗದವನ್ನು ಒದ್ದೆ ಮಾಡಿ ಹಳದಿಯನ್ನು ಹರಿಯಬಿಟ್ಟೆ. ಬಣ್ಣ ಸೊಗಸಾಗಿಯೇ ಹರಡಿತು, ಆದರೆ ಬಂದದ್ದು ಮಾದಳವಲ್ಲ, ಒರೆಸಿಟ್ಟ ಮಾವಿನ ಹಣ್ಣು. ಗಾರ್ಜೋನಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗಲೇ ಎಡವಿದ್ದೆಲ್ಲಿ ಎಂದು ತಿಳಿಯಿತು. ಅವಳು ಬರೆದದ್ದು ಕಾಗದದ ಮೇಲಲ್ಲ, ಹದಮಾಡಿದ ತೊಗಲಿನ ಮೇಲೆ. ತೊಗಲು ಕಾಗದದಂತೆ ನೀರನ್ನು ಹೀರುವುದಿಲ್ಲ. ಕುಂಚದಲ್ಲಿ ನೀರು ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ, ಎರಡನೆಯ ಸಲ ಎಳೆದರೆ ಮೊದಲು ಹಚ್ಚಿದ ಬಣ್ಣವೇ ಎದ್ದು ಬರುತ್ತದೆ. ಆದ್ದರಿಂದ ಹೆಚ್ಚುಕಡಿಮೆ ಒಣಗಿದ ಕುಂಚದ ತುದಿಯಿಂದ ಒಂದೊಂದೇ ಚುಕ್ಕಿಯನ್ನು ಇಡಬೇಕು. ಆ ಚುಕ್ಕಿಗಳು ಅಲಂಕಾರಕ್ಕೆ ಬಂದವಲ್ಲ, ತೊಗಲು ಕೇಳಿದ್ದು ಅದನ್ನೇ. ಮಾದಳದ ಸಿಪ್ಪೆಯ ಮೇಲಿನ ಎಣ್ಣೆಯ ಗುಳಿಗಳೂ ಚುಕ್ಕಿಗಳೇ ತಾನೆ! ಉಬ್ಬಿದ ಕಡೆ ಚುಕ್ಕಿಗಳು ವಿರಳವಾಗಿ, ಅವುಗಳ ನಡುವೆ ತೊಗಲಿನ ತಿಳಿಬಣ್ಣ ಇಣುಕುತ್ತದೆ. ತಗ್ಗಿದ ಕಡೆ ಹಸಿರು, ಕಂದು ಚುಕ್ಕಿಗಳು ಒತ್ತೊತ್ತಾಗಿ ನೆರಳಾಗುತ್ತವೆ.

ತೊಗಲು ನನ್ನ ಕೈಗೆಟುಕುವ ಬೆಲೆಗೆ ಸಿಗಲಿಲ್ಲ. ನುಣುಪಾದ ಕಾಗದದ ಮೇಲೆ, ಎಲ್ಲಕ್ಕಿಂತ ಸಣ್ಣ ಕುಂಚ ಹಿಡಿದು, ಪ್ರತಿ ಸಲವೂ ಅದನ್ನು ಹಳೆಯ ಬಟ್ಟೆಗೆ ಒತ್ತಿ ನೀರಾರಿಸಿ ಮತ್ತೆ ಆರಂಭಿಸಿದ್ದೇನೆ. ಒಂದು ಚದರ ಅಂಗುಲಕ್ಕೆ ಒಂದು ಸಂಜೆ ಪೂರ್ತಿ ಬೇಕಾಯಿತು. ಅಷ್ಟರಲ್ಲಿ ತೊಟ್ಟಿನ ಬಳಿ ಹಣ್ಣಿನ ಸಿಪ್ಪೆ ಬಾಡತೊಡಗಿದೆ, ಅಮ್ಮನೂ ಎರಡು ಸಲ ಬಂದು ಉಪ್ಪು, ಖಾರದ ಮಾತೆತ್ತಿ ಹೋಗಿದ್ದಾರೆ. ಹಾಗಾಗಿ ಇವತ್ತು ತೊಟ್ಟಿನ ಭಾಗವನ್ನೇ ಮೊದಲು ಮುಗಿಸುತ್ತಿದ್ದೇನೆ.