ಕಾಳಿಯ ಹುಲಿಗೆ ಮಹದಾಯಿಯ ದಾರಿ

ವೇದಿಕೆಯ ಮೇಲಿರುವ ಹಿರಿಯರಿಗೆ, ವಾಸ್ಕೋದ ನನ್ನೆಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಮಹದಾಯಿ ಅಂದ ಕೂಡಲೇ ನಮ್ಮವರಿಗೆಲ್ಲ ನೀರಿನ ತಕರಾರೇ ನೆನಪಿಗೆ ಬರುತ್ತದೆ. ಇವತ್ತೊಂದು ಸಂಜೆ ನೀರನ್ನು ಪಕ್ಕಕ್ಕಿಟ್ಟು ಕಾಡಿನ ಮಾತಾಡೋಣ.

ಉತ್ತರ ಕನ್ನಡದ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಜೋಯಿಡಾ, ಹಳಿಯಾಳ, ದಾಂಡೇಲಿ ಕಡೆಯವರು ಇಲ್ಲೇ ಬೇಕಾದಷ್ಟು ಜನ ಕೂತಿದ್ದೀರಿ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಯೋಜನೆಗೆ ಬಂದವು. 2015ರಲ್ಲಿ ನದಿಯ ಹೆಸರನ್ನೇ ಇಟ್ಟರು. ಅಣಶಿ ಕಡೆ ಸದಾ ಹಸಿರಿನ ದಟ್ಟ ಕಾಡು, ದಾಂಡೇಲಿ ಕಡೆ ಎಲೆ ಉದುರುವ ತೇಗ, ಮತ್ತಿ. ಕರಿಚಿರತೆಯೂ ಇದೆ, ಕಾಡುಕೋಣವೂ ಇದೆ. ಆದರೆ ಹುಲಿಗೆ ಇಷ್ಟೇ ಸಾಲದು, ದಾರಿಯೂ ಬೇಕು.

ಎರಡು ವರ್ಷದ ಆಸುಪಾಸಿನಲ್ಲಿ ಮರಿ ತಾಯಿಯನ್ನು ಬಿಟ್ಟು ತನ್ನ ಜಾಗ ಹುಡುಕಿಕೊಂಡು ಹೊರಡಬೇಕು. ಗಂಡಾದರೆ ಇನ್ನೂ ದೂರ. ಕಾಳಿಯಿಂದ ಉತ್ತರಕ್ಕೆ ಹೊರಟರೆ ಗೋವಾದ ಮೊಲ್ಲೆಂ, ನಮ್ಮ ಬೆಳಗಾವಿಯ ಭೀಮಗಡ, ಮತ್ತೆ ಗೋವಾದ ಮಹದಾಯಿ ಅಭಯಾರಣ್ಯ, ಆಮೇಲೆ ತಿಳಾರಿ, ಅದಕ್ಕೂ ಮುಂದೆ ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಪ್ರದೇಶ. ನಡುವಿನ ಈ ಗೋವಾ ಕಾಡು ಕಡಿದುಹೋದರೆ ಎರಡೂ ಕಡೆಯವು ಒಂಟಿ.

2020ರ ಜನವರಿಯಲ್ಲಿ ಇದೇ ಮಹದಾಯಿ ಕಾಡಿನ, ಸತ್ತರಿ ತಾಲೂಕಿನ ಗೋಲಾವಳಿಯಲ್ಲಿ ಏನಾಯಿತು, ನಿಮಗೆ ನೆನಪಿದೆ. ತಾಯಿ ಹುಲಿ, ಮೂರು ಮರಿ, ನಾಲ್ಕೂ ಸತ್ತವು. ಹುಲಿ ಕೊಂದ ಜಾನುವಾರಿನ ಹೆಣಕ್ಕೆ ವಿಷ ಹಾಕಿದ್ದರು ಎಂಬುದು ತನಿಖೆಯಲ್ಲಿ ಹೊರಬಿತ್ತು. ಹುಲಿ ಒಂದೇ ಸಲಕ್ಕೆ ಉಂಡು ಹೋಗುವ ಪ್ರಾಣಿಯಲ್ಲ. ಬೇಟೆಯನ್ನು ಪೊದೆಗೆ ಎಳೆದು, ಹಿಂಗಾಲಿನ ತೊಡೆಯಿಂದ ತಿನ್ನಲು ಶುರು ಮಾಡಿ, ಮರುದಿನ ಮತ್ತೆ ಬರುತ್ತದೆ. ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ಒಂದು ಹೆಣಕ್ಕೆ ಹಾಕಿದ ವಿಷ ಇಡೀ ಸಂಸಾರವನ್ನು ಮುಗಿಸುವುದು ಹೀಗೆ. ಈ ಮಾತು ಹೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ. ಹಾಗಂತ ದನ ಕಳೆದುಕೊಂಡವರನ್ನು ದೂರಿ ಸುಮ್ಮನಾಗಲಾರೆ. ಹಾಲು ಕರೆಯುವ ಎಮ್ಮೆ ಹೋದರೆ ಆ ಮನೆಯ ಸಂತೆ ಖರ್ಚೇ ಹೋಯಿತು. ನಮ್ಮ ಗೌಳಿಗರನ್ನು ಕೇಳಿ ನೋಡಿ. ಪರಿಹಾರದ ಹಣ ಅದೇ ವಾರ ಕೈಗೆ ಬಂದರೆ ವಿಷದ ಬಾಟಲಿಗೆ ಯಾರು ಕೈ ಹಾಕುತ್ತಾರೆ?

2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ, ಗೋವಾದ ಈ ಕಾಡನ್ನು ಮೂರು ತಿಂಗಳೊಳಗೆ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ ಎಂದಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ದಾರಿ ಮಾತ್ರ ದಿನದಿನಕ್ಕೂ ಇಕ್ಕಟ್ಟಾಗುತ್ತಿದೆ.

ಇನ್ನು ರೈಲು. ಹುಬ್ಬಳ್ಳಿಗೆ ಹೋಗುವಾಗ ಕುಳೆಂನಲ್ಲಿ ಹಿಂದಿನಿಂದ ಎಂಜಿನ್ ಹಚ್ಚುತ್ತಾರಲ್ಲ, ಅದೇ ಘಟ್ಟ. ದೂಧಸಾಗರ ಬಂತೆಂದು ಮಕ್ಕಳನ್ನೆಲ್ಲ ಕಿಟಕಿಗೆ ಕರೆಯುತ್ತೇವೆ. ಆ ಕಿಟಕಿಯಾಚೆ ಇರುವುದೇ ನಾನು ಹೇಳುತ್ತಿರುವ ದಾರಿ. ಅಲ್ಲಿ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಲ್ಲಿನ ಬಂದರಿನ ಕಲ್ಲಿದ್ದಲು ಬಳ್ಳಾರಿ ಕಡೆಗೆ ಹೋಗುವುದು ಇದೇ ಹಳಿಯ ಮೇಲೆ. ಆ ಕರಿ ಧೂಳನ್ನು ವಾಸ್ಕೋದ ಗೃಹಿಣಿಯರು ದಿನಾ ಒರೆಸುತ್ತೀರಿ, ನಿಮಗೆ ನಾನೇನು ಹೇಳಲಿ!

ಚೀಟಿ ಬಂತು, ಐದೇ ನಿಮಿಷವಂತೆ. ಮಂಗಟ್ಟೆ ಹಕ್ಕಿ, ಸೂಪಾ ಅಣೆಕಟ್ಟು, ಕಾಡ್ಗಿಚ್ಚು, ಎಲ್ಲ ಇನ್ನೊಮ್ಮೆ. ಒಂದು ವಿನಂತಿ ಮಾತ್ರ ಬಿಡಲಾರೆ. ಊರಲ್ಲಿ ನಿಮ್ಮ ಅಣ್ಣತಮ್ಮಂದಿರ ದನವನ್ನು ಹುಲಿ ಹಿಡಿದರೆ ಹೆಣ ಮುಟ್ಟಬೇಡಿ, ಹೂಳಬೇಡಿ ಅನ್ನಿ. ಮೊಬೈಲಿನಲ್ಲಿ ಫೋಟೊ ತೆಗೆದು, ಅವತ್ತೇ ಅರಣ್ಯ ಇಲಾಖೆಯವರಿಗೆ ತಿಳಿಸಿ ಪಂಚನಾಮೆ ಮಾಡಿಸಲಿ. ಅರ್ಜಿ ಬರೆಯಲು ಬಾರದವರಿದ್ದರೆ ಇವತ್ತು ರಾತ್ರಿಯೇ ಫೋನ್ ಮಾಡಿ ಹೇಳಿ, ಬರೆದುಕೊಡಲು ನಾನಿದ್ದೇನೆ.