ಬೀದಿಗೆ ಹೆಸರಿಲ್ಲದ ಊರು

ಕೇಳುಗರಿಗೆ ನಮಸ್ಕಾರ. ಓದಿಗೋ ಕೆಲಸಕ್ಕೋ ಟೋಕಿಯೋಗೆ ಹೊರಟವರು, ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ರೇಡಿಯೋ ಹಾಕಿಕೊಂಡಿರುವವರು, ನಿಮ್ಮೊಂದಿಗೆ ಈ ಹೊತ್ತು ನನ್ನ ಮಾತು. ಪರದೇಶದ ನಗರವೊಂದರ ಮೊದಲ ನೋಟದ ಬಗ್ಗೆ ಮಾತನಾಡಿ ಎಂದಿದ್ದಾರೆ. ಚೆರ್ರಿ ಹೂವು, ಹೊತ್ತು ತಪ್ಪದ ರೈಲು, ಬೆಳಕಿನ ಜಾಹೀರಾತು ಫಲಕಗಳು, ಇವನ್ನೆಲ್ಲ ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಹೇಳಲು ಬಂದಿರುವುದು ಒಂದೇ ಮಾತು: ಟೋಕಿಯೋದಲ್ಲಿ ಬೀದಿಯನ್ನು ಹುಡುಕಬೇಡಿ, ಬ್ಲಾಕನ್ನು ಹುಡುಕಿ.

ಇಷ್ಟು ಸಣ್ಣ ಸಂಗತಿಗೆ ಒಂದು ಭಾಷಣವೇ ಎಂದು ನಿಮಗೆ ಅನ್ನಿಸಬಹುದು. ನನಗೆ ಇದು ಅರ್ಥವಾಗಿದ್ದು ಅಲ್ಲಿಗೆ ಹೋದ ಮೊದಲ ರಾತ್ರಿ, ಮೂರು ಗಂಟೆ ಅಲೆದ ಮೇಲೆ.

ಸೆತಗಾಯಾ ವಾರ್ಡಿನಲ್ಲಿ ನನಗೊಂದು ಕೋಣೆ ಗೊತ್ತಾಗಿತ್ತು. ರೈಲಿನಿಂದ ಇಳಿದಾಗ ಕತ್ತಲಾಗಿತ್ತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ವಿಳಾಸದ ಚೀಟಿ. ಅದರಲ್ಲಿ ವಾರ್ಡಿನ ಹೆಸರು, ಬಡಾವಣೆಯ ಹೆಸರು, ಆಮೇಲೆ 3-12-7 ಎಂಬ ಮೂರು ಅಂಕಿ. ಬೀದಿಯ ಹೆಸರನ್ನು ಬರೆಯಲು ಮರೆತಿದ್ದಾರೆ ಎಂದುಕೊಂಡೆ. ಮೂರನೆಯ ಬೀದಿ ಯಾವುದು ಎಂದು ಮೂಲೆಮೂಲೆಯಲ್ಲೂ ಫಲಕ ಹುಡುಕಿದೆ. ಒಂದು ಓಣಿಗೂ ಹೆಸರಿರಲಿಲ್ಲ. ಕೊನೆಗೆ ಒಂದು ಗೇಟಿನ ಮೇಲೆ 7 ಎಂಬ ಅಂಕಿ ಕಂಡಿತು. ಸಂಭ್ರಮದಿಂದ ಗಂಟೆ ಒತ್ತಿದೆ. ಬಾಗಿಲು ತೆರೆದ ಹಿರಿಯರು ನನ್ನ ಚೀಟಿಯನ್ನು ದೀಪದ ಕೆಳಗೆ ಹಿಡಿದು ಓದಿ, ತಲೆಯಾಡಿಸಿ, ಎದುರಿನ ಸಾಲಿನತ್ತ ಕೈ ತೋರಿಸಿದರು. ಹೋಗಿ ನೋಡಿದರೆ ಅಲ್ಲಿ 15, 16. ಓಣಿಯ ಒಂದು ಬದಿಯಲ್ಲಿ 7 ಇದ್ದರೆ ಎದುರು ಬದಿಯಲ್ಲಿ 8 ಇರಬೇಕಲ್ಲವೇ? ಈ ಊರಿಗೆ ಯಾವ ಕ್ರಮವೂ ಇಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟೆ. ಟೋಕಿಯೋದ ಬಗ್ಗೆ ನನ್ನ ಮೊದಲ ಅಭಿಪ್ರಾಯ ಅದೇ.

ನಿಲ್ದಾಣದ ಬಳಿ ಪೊಲೀಸರ ಪುಟ್ಟ ಠಾಣೆ ಇತ್ತು. ಇದಕ್ಕೆ ಕೋಬಾನ್ ಎನ್ನುತ್ತಾರೆ. ದಾರಿ ಕೇಳುವವರಿಗೆ ದಾರಿ ಹೇಳುವುದು ಅಲ್ಲಿಯ ದಿನನಿತ್ಯದ ಕೆಲಸ. ಒಳಗಿದ್ದ ಅಧಿಕಾರಿಗೂ ನನಗೂ ಪರಸ್ಪರ ಭಾಷೆ ಬಾರದು. ಅವರು ದಪ್ಪನೆಯ ನಕ್ಷೆ ಪುಸ್ತಕ ತೆರೆದರು. ಅದರಲ್ಲಿ ಒಂದೊಂದು ಮನೆಯನ್ನೂ ಬಿಡದೆ ಬರೆದಿತ್ತು. ಮೊದಲು ಒಂದು ದೊಡ್ಡ ಪ್ರದೇಶದ ಸುತ್ತ ಬೆರಳಾಡಿಸಿ ಮೂರು ಬೆರಳು ತೋರಿಸಿದರು. ಅದು ಚೋಮೆ, ಬಡಾವಣೆಯ ಮೂರನೆಯ ಭಾಗ. ಅದರೊಳಗಿನ ಒಂದು ಚೌಕವನ್ನು ತಟ್ಟಿ 12 ಎಂಬುದನ್ನು ತೋರಿಸಿದರು. ಅದು ಬ್ಲಾಕ್, ಸುತ್ತಲೂ ಓಣಿಗಳಿರುವ ಮನೆಗಳ ಗುಂಪು. ಆಮೇಲೆ ಆ ಬ್ಲಾಕಿನ ಮೂಲೆಯಲ್ಲಿ ಬೆರಳಿಟ್ಟು, ಎಣಿಸುತ್ತಾ ಎಣಿಸುತ್ತಾ ಅಂಚಿನುದ್ದಕ್ಕೂ ನಿಧಾನವಾಗಿ ಸುತ್ತಿಸಿದರು. ಏಳಕ್ಕೆ ಬೆರಳು ನಿಂತಿತು.

ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಪದವೇ ಇದೆ, ಪ್ರದಕ್ಷಿಣೆ. ಬ್ಲಾಕ್ ನಿಮ್ಮ ಬಲಕ್ಕಿರಬೇಕು, ನೀವು ಅದನ್ನು ಸುತ್ತಬೇಕು, ಅಂಕಿ ಏರುತ್ತಾ ಹೋಗುತ್ತದೆ. ಎದುರು ಸಾಲಿನಲ್ಲಿ 15 ಇದ್ದದ್ದು ಏಕೆಂದು ಆಗ ಹೊಳೆಯಿತು. ಎದುರು ಸಾಲು ಬೇರೆಯದೇ ಬ್ಲಾಕು! ನಾನು ಗಂಟೆ ಒತ್ತಿದ್ದು ಪಕ್ಕದ ಬ್ಲಾಕಿನ 7ಕ್ಕೆ. ಅಲ್ಲಿ ಸಂಖ್ಯೆ ಇರುವುದು ಬ್ಲಾಕಿಗೆ. ಬೀದಿ ಎಂದರೆ ಎರಡು ಬ್ಲಾಕುಗಳ ನಡುವಿನ ತೆರಪು, ಅಷ್ಟೆ. ನಾನು ಮೂರು ಗಂಟೆ ಆ ತೆರಪಿಗೆ ಹೆಸರು ಹುಡುಕುತ್ತಿದ್ದೆ.

ಮತ್ತೆ ಹೋದೆ. 12ನೆಯ ಬ್ಲಾಕಿನಲ್ಲಿ ಈಗ ಎರಡು ಮನೆಗೆ 7! ಇದಕ್ಕೂ ಕಾರಣವಿದೆ. ಹಿಂದೆ ಜಮೀನಿನ ಸಂಖ್ಯೆಯೇ ಮನೆಯ ವಿಳಾಸವಾಗಿತ್ತು. ಜಮೀನು ಹೋಳಾಗಿ, ಸೇರಿಕೊಂಡು ಸಂಖ್ಯೆಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. 1962ರಲ್ಲಿ ಕಾನೂನು ಮಾಡಿ ಹೊಸ ಕ್ರಮ ತಂದರು. ಬ್ಲಾಕಿನ ಅಂಚನ್ನು 10ರಿಂದ 15 ಮೀಟರಿನ ತುಂಡುಗಳನ್ನಾಗಿ ಮಾಡಿ ತುಂಡಿಗೊಂದು ಅಂಕಿ ಕೊಟ್ಟರು. ಮನೆಯ ಬಾಗಿಲು ಯಾವ ತುಂಡಿಗೆ ತೆರೆಯುತ್ತದೆಯೋ ಅದೇ ಅದರ ಸಂಖ್ಯೆ. ಒಂದೇ ತುಂಡಿಗೆ ಎರಡು ಬಾಗಿಲಿದ್ದರೆ ಇಬ್ಬರಿಗೂ ಒಂದೇ ಅಂಕಿ. ಆಗ ಗೇಟಿನ ಮೇಲಿನ ಹೆಸರು ನೋಡಬೇಕು. ಎಷ್ಟು ಅಚ್ಚುಕಟ್ಟು ನೋಡಿ! ಕ್ರಮವೇ ಇಲ್ಲ ಎಂದು ನಾನು ಬೈದುಕೊಂಡ ಊರು ಹತ್ತು ಮೀಟರಿಗೊಂದು ಗುರುತು ಹಾಕಿಕೊಂಡು ಕುಳಿತಿತ್ತು.

ಮೊಬೈಲಿನಲ್ಲಿ ನಕ್ಷೆ ಇದೆಯಲ್ಲ ಎನ್ನುತ್ತೀರಿ. ಈ ಮಾತನ್ನು ಪ್ರತಿಯೊಬ್ಬರೂ ಹೇಳುತ್ತಾರೆ, ಕೇಳಿ ಕೇಳಿ ಸಾಕಾಗಿದೆ. ವರ್ಷವಿಡೀ ಆ ನೀಲಿ ಚುಕ್ಕೆಯ ಹಿಂದೆ ನಡೆದವರನ್ನು ಕಂಡಿದ್ದೇನೆ. ಬ್ಯಾಟರಿ ಮುಗಿದ ದಿನ ಅವರಿಗೆ ತಮ್ಮ ಮನೆಯ ಹಿಂದಿನ ಓಣಿಯೂ ಅಪರಿಚಿತ. ದಯವಿಟ್ಟು ಮೊದಲ ವಾರವಾದರೂ ಅದನ್ನು ಜೇಬಿನಲ್ಲಿಡಿ. ಮೂಲೆಯ ಕಂಬ, ಗೋಡೆಗಳ ಮೇಲೆ ಚೋಮೆ ಮತ್ತು ಬ್ಲಾಕಿನ ಸಂಖ್ಯೆ ಬರೆದ ಸಣ್ಣ ಫಲಕಗಳಿರುತ್ತವೆ. ಅವನ್ನು ಓದಿ. ಬೀದಿ ಬೇಡ, ಬ್ಲಾಕ್.

ಇನ್ನೂ ಹಲವು ವಿಷಯ ಬರೆದುಕೊಂಡು ಬಂದಿದ್ದೆ, ಸಮಯ ಸಾಲುತ್ತಿಲ್ಲ. ಬೇಗ ಹೇಳಿಬಿಡುತ್ತೇನೆ. ಮನೆ ಗೊತ್ತಾದ 14 ದಿನಗಳೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಮರೆಯಬೇಡಿ. ಸಂಜೆ ಐದರ ಸುಮಾರಿಗೆ ಧ್ವನಿವರ್ಧಕದಲ್ಲಿ ಇಂಪಾದ ರಾಗವೊಂದು ಕೇಳಿಸಿದರೆ ಗಾಬರಿಯಾಗಬೇಡಿ. ಭೂಕಂಪದಂಥ ವಿಪತ್ತಿನಲ್ಲಿ ಎಚ್ಚರಿಸುವ ಧ್ವನಿವರ್ಧಕ ಸರಿಯಾಗಿದೆಯೇ ಎಂದು ದಿನವೂ ಹಾಗೆ ಪರೀಕ್ಷಿಸುತ್ತಾರೆ. ಕಾಲುದಾರಿಯ ಹಳದಿ ಉಬ್ಬು ಹಾಸಿನ ಮೇಲೆ ಪೆಟ್ಟಿಗೆ ಇಡಬೇಡಿ, ಅದು ಕಣ್ಣು ಕಾಣದವರ ದಾರಿ. ಸೇಯಿಚಿ ಮಿಯಾಕೆ ಎಂಬವರು ರೂಪಿಸಿದ ಆ ಹಾಸನ್ನು 1967ರಲ್ಲಿ ಓಕಾಯಾಮಾ ನಗರದಲ್ಲಿ ಮೊದಲು ಹಾಕಿದರು. ಅದರ ಬಗ್ಗೆಯೇ ಒಂದು ಭಾಷಣ ಮಾಡಬಹುದು.

ಮೊದಲ ಭಾನುವಾರ ಗೋಪುರ, ಗುಡಿ ನೋಡಲು ಓಡಬೇಡಿ. ಅವು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಬಾಗಿಲಿನಿಂದ ಹೊರಟು, ಗೋಡೆಗಳನ್ನು ಬಲಕ್ಕೆ ಇಟ್ಟುಕೊಂಡು, ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾ ನಿಮ್ಮದೇ ಬ್ಲಾಕನ್ನು ಒಂದು ಸುತ್ತು ಬನ್ನಿ. ಹತ್ತು ನಿಮಿಷ ಸಾಕು. ಗೇಟಿನಲ್ಲಿ ಯಾರಾದರೂ ಹೂಕುಂಡಕ್ಕೆ ನೀರು ಹಾಕುತ್ತಿದ್ದರೆ ತಲೆಬಾಗಿಸಿ, ಅವರೂ ಬಾಗಿಸುತ್ತಾರೆ. ನಮಸ್ಕಾರ.